ಹೆಬ್ಬೆರಳಿನ ವಾಸನೆ

ಮೂರನೆಯ ಸಲ ಸೋಪು ಹಚ್ಚಿ ಬಲಗೈ ಹೆಬ್ಬೆರಳನ್ನು ತಿಕ್ಕುತ್ತಿರುವಾಗ, ಇದರಿಂದ ಏನೂ ತೊಳೆದುಹೋಗುವುದಿಲ್ಲ ಎಂದು ಮಣಿ ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ ತಿಕ್ಕಿದರು. ಅರ್ಧ ತೆರೆದ ಬಾಗಿಲಿನಿಂದ ಹೆಂಡತಿ ಇಣುಕಿ, “ರೀ, ಬೆರಳು ಸವೆದುಹೋಗತ್ತೆ. ನಂಗೂ ಅಂಗಡಿಗೆ ಹೊತ್ತಾಯ್ತು” ಎಂದಳು. ಬೆರಳು ಎಂದದ್ದೇಕೆ? ಕೈ ಎನ್ನಬಹುದಿತ್ತಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಮೇಷ್ಟ್ರು ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. ಅವಳಿಗೇನು ಗೊತ್ತು ಪಾಪ, ದಿನವಿಡೀ ಕನ್ನಡಕದಂಗಡಿಯ ಕತ್ತಲೆ ಕೋಣೆಯಲ್ಲಿ ಜನರ ಕಣ್ಣಿಗೆ ಒಂದೊಂದೇ ಗಾಜು ಇಟ್ಟು, ಇದು ಚೆನ್ನಾಗಿ ಕಾಣತ್ತಾ, ಇದಾ, ಎಂದು ಕೇಳುವವಳು. ಒಮ್ಮೆ ಊಟ ಮಾಡುತ್ತ ಹೇಳಿದ್ದಳು: “ಅರ್ಧ ಜನ ಅಕ್ಷರ ನೋಡಿ ಉತ್ತರ ಹೇಳಲ್ಲ ಕಣ್ರೀ, ನನ್ನ ಮುಖ ನೋಡಿ ಹೇಳ್ತಾರೆ. ನನಗೆ ಯಾವ ಗಾಜು ಇಷ್ಟ ಅಂತ ಪತ್ತೆ ಹಚ್ಚೋಕೆ ನೋಡ್ತಾರೆ. ಕಣ್ಣು ಅವರದ್ದು, ಆದ್ರೂ ನನ್ನ ಮೆಚ್ಚಿಸ್ಬೇಕು.” ಅವತ್ತು ಇಬ್ಬರೂ ನಕ್ಕಿದ್ದರು. ಇವತ್ತು ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಾಗ ಆ ಮಾತು ಯಾಕೆ ನೆನಪಾಯಿತೋ ಮೇಷ್ಟ್ರಿಗೆ ತಿಳಿಯಲಿಲ್ಲ. ಸಂಜೆ ಐದರೊಳಗೆ ಒಂದು ಸಹಿ ಹಾಕಬೇಕಿತ್ತು. ಸಹಿಯನ್ನೂ ಇದೇ ಬೆರಳು ಹಿಡಿದು ಹಾಕಬೇಕು.

ಮಣಿ ಮೇಷ್ಟ್ರು ಎಂಬುದು ಬೆನ್ನ ಹಿಂದಿನ ಹೆಸರು. ತನಗೆ ಆ ಹೆಸರು ಗೊತ್ತಿಲ್ಲವೆಂದು ಶಿಷ್ಯರೆಲ್ಲ ತಿಳಿದಿದ್ದಾರೆಂದು ಅವರು ತಿಳಿದಿದ್ದರು. ಸಸ್ಯಶಾಸ್ತ್ರದ ಸಂಸ್ಥೆಯಲ್ಲಿ ಅವರ ಪಾಲಿಗೆ ಬಂದದ್ದು ಮೋಸ ಮಾಡುವ ಆರ್ಕಿಡ್‌ಗಳು. ಗೇಣುದ್ದದ ಗಿಡ. ಹೂವಿನ ಕೆಳದಳ ಹೆಣ್ಣು ದುಂಬಿಯೊಂದು ಬೆನ್ನು ಮಾಡಿ ಕೂತ ಹಾಗೆ ಕಪ್ಪಗೆ, ಮೆತ್ತಗೆ, ರೋಮ ರೋಮವಾಗಿರುತ್ತದೆ. ಒಳಗೆ ಒಂದು ಹನಿ ಮಕರಂದವಿಲ್ಲ. ಮನುಷ್ಯರ ಮೂಗಿಗೆ ಸಿಕ್ಕದ, ಗಂಡು ದುಂಬಿಗೆ ಮಾತ್ರ ಹೆಣ್ಣೇ ಎನ್ನಿಸುವ ಒಂದು ವಾಸನೆ ಇದೆ, ಅಷ್ಟೆ. ಗಂಡು ಓಡಿ ಬಂದು ತಬ್ಬಿಕೊಳ್ಳುತ್ತದೆ, ಏನೂ ಸಿಗದೆ ಹಣೆಗೆ ಎರಡು ಹಳದಿ ಪರಾಗದ ಗಂಟು ಅಂಟಿಸಿಕೊಂಡು ಹೊರಡುತ್ತದೆ, ಹೋಗಿ ಇನ್ನೊಂದು ಹೂವಿನಲ್ಲಿ ಮತ್ತೆ ಮೋಸಹೋಗುತ್ತದೆ. ಹೂವಿನ ವಂಶ ಬೆಳೆಯುತ್ತದೆ. ಸಂಸ್ಥೆಯ ತೋಟದವನು ಈ ಗಿಡಕ್ಕೆ ಮಾಯಗಾತಿ ಎಂದೇ ಹೆಸರಿಟ್ಟಿದ್ದ, ನೀರು ಹಾಕುವಾಗ ಬೈದೇ ಹಾಕುತ್ತಿದ್ದ. ಆದರೆ ದುಂಬಿ ಪೂರಾ ಪೆದ್ದಲ್ಲ ಎಂದು ಮೇಷ್ಟ್ರು ಪಾಠದಲ್ಲಿ ಹೇಳುತ್ತಿದ್ದರು. ಒಂದು ಹೂವಿನಲ್ಲಿ ಮೋಸಹೋದ ಗಂಡು ಆ ವಾಸನೆಯನ್ನು ನೆನಪಿಟ್ಟುಕೊಂಡು ಆ ಕಡೆ ತಲೆಹಾಕುವುದಿಲ್ಲ. ಹಾಗಾಗಿ ಪಕ್ಕದ ಹೂವಿನ ವಾಸನೆ ಒಂದಿಷ್ಟು ಬೇರೆಯಿರಬೇಕು, ಅದರ ಪಕ್ಕದ್ದು ಇನ್ನಷ್ಟು ಬೇರೆ. ಹೀಗೆ ಬೇರೆಯಾಗುತ್ತ ಆಗುತ್ತ ಒಂದು ದಿನ ಯಾವುದೋ ಹೂವಿನ ವಾಸನೆ ಇನ್ನೊಂದು ಜಾತಿಯ ದುಂಬಿಯ ಹೆಣ್ಣಿಗೆ ಹೊಂದಿಕೊಂಡುಬಿಡುತ್ತದೆ. ಅವತ್ತಿನಿಂದ ಆ ಹೂವಿನ ಸಂಸಾರ ಬೇರೆ, ನೆಂಟರು ಬೇರೆ. ಹೊಸ ಜಾತಿ ಹುಟ್ಟಿತು. “ಮೋಸಹೋಗೋನು ಕಲೀತಾನೆ, ಅದಕ್ಕೇ ಮೋಸ ಮಾಡೋಳು ಬದಲಾಗ್ಬೇಕು” ಎಂದು ಕರಿಹಲಗೆಯ ಮುಂದೆ ನಿಂತು ಹೇಳುವಾಗ ಕೊನೆಯ ಬೆಂಚಿನವರೂ ತಲೆಯೆತ್ತುತ್ತಿದ್ದರು. ಮೇಷ್ಟ್ರಿಗೆ ಆ ತಲೆಗಳು ಏಳುವುದನ್ನು ನೋಡುವುದೇ ಒಂದು ಸುಖ.

ಇದೆಲ್ಲ ಬೇರೆಯವರು ಕಂಡದ್ದು. ಅವರದೇ ಆದದ್ದು ಮಣಿ. ಹದಿನೇಳು ವರ್ಷದ ಹಿಂದೆ ಗುಂಡುಸೂಜಿಗಳ ತುದಿಗೆ ಕಪ್ಪು ಗಾಜಿನ ಮಣಿ ಸಿಕ್ಕಿಸಿ, ಅರ್ಧಕ್ಕೆ ಹೂವಿನ ವಾಸನೆ ಹಚ್ಚಿ, ಇನ್ನರ್ಧವನ್ನು ಬರೀ ಮಣಿಯಾಗಿಯೇ ಬಿಟ್ಟು, ಬಲೆ ಹೊದಿಸಿದ ದುಂಬಿಮನೆಯಲ್ಲಿ ಸಾಲಾಗಿ ನಿಲ್ಲಿಸಿ ಕಾದು ಕೂತಿದ್ದರು. ವಾಸನೆಯ ಮಣಿಗೆ ಗಂಡುಗಳು ಬಂದವು, ಅದರಲ್ಲಿ ಆಶ್ಚರ್ಯವಿಲ್ಲ. ಬರೀ ಮಣಿಗೂ ಬಂದವು. ಒಂದಲ್ಲ ಎರಡಲ್ಲ, ನಲವತ್ತಮೂರು ಸಲ. ಹಾಗಾದರೆ ದುಂಬಿ ರೂಪವನ್ನೂ ನೆನಪಿಡುತ್ತದೆ, ಹೂಗಳು ಜಾತಿ ಜಾತಿಯಾಗಿ ಒಡೆಯುವುದರಲ್ಲಿ ವಾಸನೆಗಿರುವಷ್ಟೇ ಪಾಲು ಮುಖಕ್ಕೂ ಇದೆ ಎಂದು ಬರೆದರು. ಎಲ್ಲರೂ ವಾಸನೆ ವಾಸನೆ ಎನ್ನುತ್ತಿದ್ದ ಕಾಲ. ಇವರು ಮುಖ ಎಂದದ್ದು ಸುದ್ದಿಯಾಯಿತು, ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಾಯಿತು. ಅವರ ಇಬ್ಬರು ಹಳೆಯ ಶಿಷ್ಯರು ಬೇರೆ ಬೇರೆ ಊರುಗಳಲ್ಲಿ ಅದೇ ಪ್ರಯೋಗ ಮಾಡಿ ಅದೇ ಉತ್ತರ ಪಡೆದರು. ಇನ್ನೇನು ಬೇಕು?

ಒಂಬತ್ತು ವರ್ಷದ ಹಿಂದಿನ ಆ ಬೆಳಿಗ್ಗೆ ಬೇಕಿರಲಿಲ್ಲ. ದುಂಬಿಮನೆಯ ಮೂಲೆಯ ಮುಕ್ಕಾಲಿಯ ಮೇಲೆ ಮೇಷ್ಟ್ರು ಒಬ್ಬರೇ ಸುಮ್ಮನೆ ಕೂತಿದ್ದರು. ಹೂಗಳ ಲೆಕ್ಕ ಮುಗಿಸಿ ಬಂದಿದ್ದರು. ಎದುರಿಗೆ ಹೂವಿಲ್ಲ, ಮಣಿಯಿಲ್ಲ. ತೊಡೆಯ ಮೇಲೆ ಬಲಗೈ ಇತ್ತು. ಒಂದು ಗಂಡು ದುಂಬಿ ನೆಟ್ಟಗೆ ಹಾರಿ ಬಂದು ಅವರ ಹೆಬ್ಬೆರಳ ಮೇಲೆ ಕೂತಿತು. ಕೂತು, ಆರು ಕಾಲಿನಿಂದಲೂ ತಬ್ಬಿಕೊಂಡು, ಹಿಂದಿನ ಮೈ ಬಾಗಿಸಿ, ಯಾವ ಸಂದೇಹವೂ ಇಲ್ಲದ ಶ್ರದ್ಧೆಯಿಂದ ಅವರ ಉಗುರಿನೊಂದಿಗೆ ಸಂಸಾರ ಮಾಡತೊಡಗಿತು. ಮೇಷ್ಟ್ರಿಗೆ ಮೊದಲು ನಗು ಬಂತು. ಆಮೇಲೆ ನಗು ನಿಂತಿತು. ಮಣಿಯನ್ನು ಸೂಜಿಗೆ ಸಿಕ್ಕಿಸುವ ಮುಂಚೆ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊರಳಿಸುವುದು ಅವರ ಅಭ್ಯಾಸ. ಧೂಳಿದ್ದರೆ ಹೋಗಲಿ ಎಂದು. ಚಿಮಟದಲ್ಲಿ ಹಿಡಿಯಬೇಕೆಂದು ಲೇಖನದಲ್ಲಿ ಅವರೇ ಬರೆದಿದ್ದರು, ಹಿಡಿಯುತ್ತಲೂ ಇದ್ದರು, ಆದರೆ ಹೊರಳಿಸಿದ ಮೇಲೆ. ಹೂ ಮುಟ್ಟಿ ಬಂದ ಬೆರಳು ಅದು. ಬರೀ ಮಣಿ ಯಾವತ್ತೂ ಬರೀ ಮಣಿಯಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಹೆಬ್ಬೆರಳಿಗಂತೂ ಬೇಡವೇ ಬೇಡ. ಮೇಷ್ಟ್ರು ಸುತ್ತ ನೋಡಿದರು. ಯಾರೂ ಇರಲಿಲ್ಲ. ಕೈ ಕೊಡವಿದರು. ದುಂಬಿ ಹಾರಿಹೋಯಿತು. ಅವರ ಜೀವನದ ದೊಡ್ಡ ತಪ್ಪು ಮಣಿಯನ್ನು ಹೊರಳಿಸಿದ್ದಲ್ಲ, ಕೈ ಕೊಡವಿದ್ದು. ಹೊರಳಿಸುವಾಗ ಗೊತ್ತಿರಲಿಲ್ಲ, ಕೊಡವುವಾಗ ಗೊತ್ತಿತ್ತು.

ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಮೇಷ್ಟ್ರು ಆ ಬೆರಳನ್ನು ಬಿಟ್ಟು ನಾಲ್ಕೇ ಬೆರಳಿನಿಂದ ಹಿಡಿದಿದ್ದರು. ಇವತ್ತು ಶಿಷ್ಯೆಯ ಪಿಎಚ್‌ಡಿ ಪ್ರಬಂಧದ ಪರೀಕ್ಷೆಯ ದಿನ. ಐದು ವರ್ಷ ದುಡಿದಿದ್ದಾಳೆ, ಅವಳ ಮೂರನೆಯ ಅಧ್ಯಾಯ ನಿಂತಿರುವುದು ಆ ಬರೀ ಮಣಿಯ ಮೇಲೆ. ಹೊರಗಿನಿಂದ ಪರೀಕ್ಷಕರು ಬರುತ್ತಾರೆ, ಪ್ರಯೋಗ ನೋಡುತ್ತಾರೆ, ಸಂಜೆ ಮಾರ್ಗದರ್ಶಕರ ಜಾಗದಲ್ಲಿ ಮೇಷ್ಟ್ರ ಸಹಿ ಬೀಳಬೇಕು. ಹೇಳಿದರೆ ಅವಳ ಐದು ವರ್ಷ ಹೋಗುತ್ತದೆ, ತನ್ನ ಹದಿನೇಳು ಹೋಗುತ್ತದೆ. ಹೇಳದಿದ್ದರೆ ಆ ಹುಡುಗಿ ತನ್ನ ಬದುಕನ್ನೆಲ್ಲ ಇನ್ನೊಬ್ಬನ ಹೆಬ್ಬೆರಳ ಮೇಲೆ ಕಟ್ಟಿಕೊಳ್ಳುತ್ತಾಳೆ. ಬಿಸಿ ತುಪ್ಪ, ಉಗುಳುವ ಹಾಗೂ ಇಲ್ಲ ನುಂಗುವ ಹಾಗೂ ಇಲ್ಲ. ಅವಳ ಒಳ್ಳೆಯದಕ್ಕೇ ಸುಮ್ಮನಿದ್ದೇನೆ ಎಂದು ಸುಮಾರು ದಿನ ಅಂದುಕೊಂಡಿದ್ದರು. ಆ ಮಾತು ಈಗ ಹಳತಾಗಿ ಕೆಲಸಕ್ಕೆ ಬಾರದಂತಾಗಿತ್ತು. ಮುಂದಿನ ಸೀಟಿನಲ್ಲಿದ್ದ ಹೆಂಗಸು ಇವರ ಕನ್ನಡಕವನ್ನು ದಿಟ್ಟಿಸಿ ಮುಖ ತಿರುಗಿಸಿದಳು. ಆ ಕನ್ನಡಕ ಕೊಟ್ಟದ್ದು ಹೆಂಡತಿ. ಇಪ್ಪತ್ತೆರಡು ವರ್ಷದ ಹಿಂದೆ ಗಾಜು ಬದಲಾಯಿಸಲು ಹೋದಾಗ ಮೇಷ್ಟ್ರ ಕೈಯಲ್ಲಿ ಮಾಯಗಾತಿಯ ಒಂದು ಕುಂಡವಿತ್ತು. ಕೌಂಟರಿನ ಹಿಂದಿನ ಹುಡುಗಿ ಬಗ್ಗಿ ಮೂಸಿ, ಕಣ್ಣು ಮುಚ್ಚಿ, “ಅಬ್ಬಾ, ಎಂಥ ಪರಿಮಳ!” ಎಂದಿದ್ದಳು. ಯಾವ ಮನುಷ್ಯರ ಮೂಗಿಗೂ ಬಾರದ ಪರಿಮಳ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಆ ಊರಿನಲ್ಲಿ ಖಚಿತವಾಗಿ ಬಲ್ಲವನು ತಾನೊಬ್ಬನೇ ಎಂಬುದು ಅವರಿಗೆ ಹೊಳೆದು, ತನ್ನನ್ನು ಮೆಚ್ಚಿಸಲು ಒಬ್ಬಳು ಇಷ್ಟು ಚೆಂದದ ಸುಳ್ಳು ಹೇಳಿದಳಲ್ಲ ಎಂದು ಮರುಳಾಗಿ, ನಾಲ್ಕು ತಿಂಗಳಲ್ಲಿ ಮದುವೆಯಾಗಿದ್ದರು. ಪ್ರತಿ ವರ್ಷ ಮೊದಲ ಹೂ ಬಿಟ್ಟಾಗ ಒಂದು ಕುಂಡ ಮನೆಗೆ ಬರುತ್ತದೆ, ಅವಳು ಮೂಸುತ್ತಾಳೆ, ಅಬ್ಬಾ ಎನ್ನುತ್ತಾಳೆ, ಅವರು ನಗುತ್ತಾರೆ. ದುಂಬಿ ಕಲಿಯುತ್ತದೆ ಎಂದು ಪಾಠ ಮಾಡುವವರು ಇಪ್ಪತ್ತೆರಡು ವರ್ಷ ಅದೇ ಹೂವಿಗೆ ಹೋಗಿಬಂದಿದ್ದರು. ಈ ವರ್ಷದ ಕುಂಡ ಇನ್ನೂ ಮನೆಗೆ ಬಂದಿರಲಿಲ್ಲ.

ಪರೀಕ್ಷಕರಿಗೆ ನೆಗಡಿಯಾಗಿತ್ತು. ವಾಸನೆಯ ವಿಷಯದ ಪ್ರಬಂಧಕ್ಕೆ ಮೂಗು ಕಟ್ಟಿದ ಪರೀಕ್ಷಕ. ಬೇರೆ ದಿನವಾಗಿದ್ದರೆ ಮೇಷ್ಟ್ರು ಅದನ್ನೊಂದು ವಾರ ಹೇಳಿಕೊಂಡು ನಗುತ್ತಿದ್ದರು. ದೊಡ್ಡ ಕರವಸ್ತ್ರದಲ್ಲಿ ಮೂಗು ಒರೆಸುತ್ತ ಆತ ದುಂಬಿಮನೆಯ ಬೆಂಚಿನ ಮೇಲೆ ಕೂತರು. ಶಿಷ್ಯೆ ಬಿಳಿ ಕೋಟು ಹಾಕಿಕೊಂಡು ಮೇಜಿನ ಹಿಂದೆ ನಿಂತಳು. ಮೊದಲು ಕುಂಡದ ಹೂಗಳನ್ನು ಮುಟ್ಟಿ ಎಣಿಸಿದಳು. ಆಮೇಲೆ ಮಣಿಗಳ ಡಬ್ಬಿ ತೆರೆದಳು. ಚಿಮಟ ಮೇಜಿನ ಮೇಲೇ ಇತ್ತು. ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಒಂದು ಮಣಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒಮ್ಮೆ, ತುಂಬಾ ನಿಧಾನವಾಗಿ, ಹೊರಳಿಸಿದಳು.

ಮೇಷ್ಟ್ರು ಮುಂದಕ್ಕೆ ಬಾಗಿ ನೋಡಿದರು. ಅದು ಅವರದೇ ಕೈ. ಮಣಿಕಟ್ಟಿನ ಬಾಗು ಸಹಿತ ಅವರದೇ. ಯಾವ ಪುಸ್ತಕದಲ್ಲೂ ಇಲ್ಲದ, ಯಾವತ್ತೂ ಕಲಿಸದ ಅಭ್ಯಾಸವೊಂದು ನೋಡಿ ನೋಡಿಯೇ ಅವಳಿಗೆ ಬಂದಿದೆ. ಹಾಗಾದರೆ ಆ ಊರುಗಳ ಆ ಇಬ್ಬರು ಶಿಷ್ಯರೂ ಹೀಗೇ ಹೊರಳಿಸಿರಬೇಕು. ಮೇಷ್ಟ್ರ ಸತ್ಯ ಬೆಳೆಯಲಿಲ್ಲ, ಅವರ ಹೆಬ್ಬೆರಳಿಗೆ ಸಂತತಿಯಾಯಿತು. ಬಲೆಯೊಳಗೆ ಗಂಡು ದುಂಬಿಗಳನ್ನು ಬಿಟ್ಟರು. ಐದು ನಿಮಿಷದಲ್ಲಿ ಒಂದು ಬಂದು ಬರೀ ಮಣಿಯನ್ನು ತಬ್ಬಿತು, ಅದರ ಹಿಂದೆ ಇನ್ನೊಂದು.

“ನೋಡಿ, ನೋಡಿ!” ಪರೀಕ್ಷಕರು ಎದ್ದೇ ನಿಂತರು. “ಹದಿನೈದು ವರ್ಷದಿಂದ ಇದನ್ನ ಪಾಠ ಮಾಡ್ತಿದ್ದೀನಿ, ಕಣ್ಣಾರೆ ನೋಡಿದ್ದು ಇವತ್ತೇ. ವಾಸನೆ ಗೀಸನೆ ಏನೂ ಇಲ್ಲ, ಬರೀ ಮುಖಕ್ಕೆ ಮರುಳಾಗಿದೆ ನೋಡ್ರೀ!” ಎಂದು ಮೇಷ್ಟ್ರ ಬಲಗೈ ಹಿಡಿದು, ಹೆಬ್ಬೆರಳು ನೋಯುವ ಹಾಗೆ ಕುಲುಕಿದರು. ಮೇಷ್ಟ್ರು ಹಲ್ಲು ಬಿಟ್ಟರು. ಹಲ್ಲು ಬಿಟ್ಟುಕೊಂಡೇ ಗಮನಿಸಿದರು: ಶಿಷ್ಯೆ ಮಣಿಯನ್ನೂ ನೋಡುತ್ತಿರಲಿಲ್ಲ, ದುಂಬಿಯನ್ನೂ ನೋಡುತ್ತಿರಲಿಲ್ಲ. ಮೇಷ್ಟ್ರ ಮುಖ ನೋಡುತ್ತಿದ್ದಳು.

ಮಧ್ಯಾಹ್ನ ಅವಳ ಕೋಣೆಗೆ ಹೋದಾಗ ಸಹಿಯ ಕಾಗದ ಮೇಜಿನ ಮೇಲೆ ಸಿದ್ಧವಾಗಿತ್ತು, ಪೆನ್ನಿನ ಮುಚ್ಚಳವನ್ನೂ ತೆಗೆದಿಟ್ಟಿದ್ದಳು. ಕಿಟಕಿಯ ಕೆಳಗೆ ತೋಟದವನು ಪೈಪು ಹಿಡಿದು ಮಾಯಗಾತಿಯನ್ನು ಬೈಯುವುದು ಕೇಳಿಸುತ್ತಿತ್ತು. ಮೇಷ್ಟ್ರು ಕೂತರು. ಹೇಳಬೇಕೆಂದು ದಾರಿಯಲ್ಲಿ ಜೋಡಿಸಿಕೊಂಡಿದ್ದ ವಾಕ್ಯ ಮರೆತುಹೋಗಿ, ಬೇರೆ ಮಾತೇ ಬಾಯಿಗೆ ಬಂತು.

“ಚಿಮಟ ಯಾಕಮ್ಮಾ ಹಿಡೀಲಿಲ್ಲ?”

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. “ಚಿಮಟದಲ್ಲಿ ಹಿಡಿದ್ರೆ ದುಂಬಿ ಬರಲ್ಲ ಸರ್.”

ಎದ್ದು, ಕಪಾಟಿನಿಂದ ಒಂದು ನೋಟುಬುಕ್ಕು ತಂದು ಕೊನೆಯ ಪುಟಗಳನ್ನು ತೆರೆದು ಅವರ ಮುಂದಿಟ್ಟಳು. ಎರಡು ವರ್ಷದ ಹಿಂದಿನ ದಿನಾಂಕ. ಕೈಗವಸು ಹಾಕಿಕೊಂಡು, ಚಿಮಟದಲ್ಲಿ ಹಿಡಿದು, ಹೊಸ ಡಬ್ಬಿಯ ಮಣಿ. ಹನ್ನೊಂದು ದಿನ. ಸೊನ್ನೆ, ಸೊನ್ನೆ, ಸೊನ್ನೆ. ಅವಳ ಸೊನ್ನೆಗಳು ದುಂಡಗೆ ಚೊಕ್ಕವಾಗಿದ್ದವು. ಮೇಷ್ಟ್ರಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ನನ್ನ ಬೆನ್ನ ಹಿಂದೆ ನನ್ನನ್ನೇ ಪರೀಕ್ಷೆ ಮಾಡಿದ್ದಾಳೆ, ಮಾಡಿ ಬಚ್ಚಿಟ್ಟಿದ್ದಾಳೆ, ಗುರುವಿಗೇ ತಿರುಮಂತ್ರ!

“ಮತ್ತೆ ಯಾಕೆ ಹೇಳಲಿಲ್ಲ? ಎರಡು ವರ್ಷ!”

“ಹೇಳೋಕಂತಲೇ ನಿಮ್ಮ ರೂಮಿಗೆ ಬಂದೆ ಸರ್. ನಾನು ಬಾಯಿ ಬಿಡೋ ಮುಂಚೆನೇ ನೀವು ‘ಬಂತಾ?’ ಅಂತ ಕೇಳಿದ್ರಿ. ನಿಮ್ಮ ಮುಖ ಹೇಗಿತ್ತು ಅಂದ್ರೆ…” ಅವಳು ಹುಡುಕಿದಳು. “ಬಾಗಿಲು ತಟ್ಟಿ ನಿಂತವರ ಹಾಗಿತ್ತು. ‘ಬಂತು ಸರ್’ ಅಂದ್ಬಿಟ್ಟೆ. ಒಂದ್ಸಲ ಅಂದ್ಮೇಲೆ ಮುಗೀತಲ್ಲ, ಮಾರನೇ ದಿನ ಬರಿಸ್ಲೇಬೇಕಿತ್ತು. ಅದಕ್ಕೇ ನಿಮ್ಮ ಥರ ಹೊರಳಿಸೋದನ್ನ ಕಲ್ತೆ. ನಿಮಗೆ ಗೊತ್ತಾದ್ರೆ ತಡ್ಕೊಳ್ಳಲ್ಲ ಅಂತ ಅಂದ್ಕೊಂಡೆ. ಅಷ್ಟು ವರ್ಷದ ಕೆಲಸ. ನಾನೇ ಹೊತ್ತುಕೊಂಡ್ರಾಯ್ತು ಅಂತ.”

“ನನಗೆ ಗೊತ್ತಿತ್ತು” ಎಂದರು ಮೇಷ್ಟ್ರು.

ಅವಳು ನೋಡಿದಳು.

“ಒಂಬತ್ತು ವರ್ಷದಿಂದ ಗೊತ್ತು. ನೀನು ಇಲ್ಲಿಗೆ ಬರೋ ಮುಂಚಿಂದ.”

ಪೈಪಿನ ನೀರು ನಿಂತಿತು. ಶಿಷ್ಯೆಯ ಮುಖದಲ್ಲಿ ಏನೋ ನಿಧಾನವಾಗಿ ಕೆಳಗಿಳಿಯಿತು. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. “ನಾನು ಎರಡು ವರ್ಷ ನಿದ್ದೆಗೆಟ್ಟೆ ಸರ್” ಎಂದಳು. “ಕಳ್ಳತನ ಮಾಡ್ತಿದ್ದೀನಿ ಅಂತ ಅಮ್ಮನ ಹತ್ರ ಅತ್ತಿದ್ದೀನಿ. ನಿಮ್ಮನ್ನ ಕಾಪಾಡ್ತಿದ್ದೀನಿ ಅನ್ನೋದೊಂದೇ ಇತ್ತು ನಂಗೆ.” ಆಮೇಲೆ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ಮೇಷ್ಟ್ರಿಗೆ ಗೊತ್ತಿತ್ತು. ಎರಡು ಬೆಕ್ಕುಗಳು ಒಂದೇ ಬಟ್ಟಲಿಗೆ ಬಾಯಿಟ್ಟು, ಇನ್ನೊಂದಕ್ಕೆ ಬೇಸರವಾದೀತೆಂದು ಕಣ್ಣು ಮುಚ್ಚಿಕೊಂಡಿದ್ದ ಗಾದೆ ಯಾರೂ ಮಾಡಿರಲಿಲ್ಲ. ಅವರಿಗೆ ತುಂಬಾ ದುಃಖವಾಯಿತು. ಪಠ್ಯಪುಸ್ತಕದ ವಾಕ್ಯಕ್ಕಲ್ಲ. ಈ ಹುಡುಗಿಯ ದುಂಡಗಿನ ಸೊನ್ನೆಗಳಿಗೆ. ಅವಳ ಐದು ವರ್ಷದಲ್ಲಿ ನಿಜವಾದದ್ದು ಆ ಹನ್ನೊಂದು ದಿನ, ಅದನ್ನೇ ಅವಳು ಮೇಷ್ಟ್ರಿಗಾಗಿ ಹಿಂದಿನ ಪುಟಕ್ಕೆ ತಳ್ಳಿದ್ದಳು.

“ಮೂರನೇ ಅಧ್ಯಾಯ ತೆಗೆದುಬಿಡು. ಈ ಹನ್ನೊಂದು ದಿನ ಹಾಕು, ಅದೇ ಅಧ್ಯಾಯ. ಒಂದು ವರ್ಷ ಹಿಂದೆ ಬೀಳ್ತೀಯ.”

“ಬೀಳ್ತೀನಿ ಸರ್. ಆದ್ರೆ ನಿಮ್ಮ ಲೇಖನ?”

“ಅದನ್ನ ವಾಪಸ್ ತಗೋತೀನಿ ಅಂತ ನಾನೇ ಬರೀತೀನಿ.”

ಅವಳು ಮೇಜಿನ ಖಾನೆ ಎಳೆದು, ಮಡಚಿದ ಒಂದು ಕಾಗದ ತೆಗೆದಳು. “ಬರೆದಿಟ್ಟಿದ್ದೀನಿ. ಯಾವತ್ತಾದ್ರೂ ನೀವೇ ಕೇಳಿದ್ರೆ ಅಂತ.” ಪತ್ರ ಚೆನ್ನಾಗಿತ್ತು. ಮೇಷ್ಟ್ರು ತಾವೇ ಬರೆದಿದ್ದರೆ ಇಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ. ಎಚ್ಚರದ ಕೆಲಸಗಾರನೊಬ್ಬನಿಗೆ ಆದ ಸಹಜ ಪ್ರಮಾದ ಎಂದು ಎರಡನೆಯ ಸಾಲಿನಲ್ಲೇ ಇತ್ತು. ತಪ್ಪೊಪ್ಪಿಗೆಯನ್ನೂ ಇನ್ನೊಬ್ಬರು ತನ್ನ ಮುಖ ನೋಡಿ ಮೃದು ಮಾಡಿಕೊಡಬೇಕಾಯಿತಲ್ಲ. ಅವರು ಎಚ್ಚರದ ಎನ್ನುವುದನ್ನು ಹೊಡೆದುಹಾಕಿ, ಒಂಬತ್ತು ವರ್ಷದಿಂದ ತಿಳಿದಿತ್ತು ಎಂದು ತಮ್ಮ ಕೈಯಿಂದ ಸೇರಿಸಿ, ಅದರ ಕೆಳಗೆ ಸಹಿ ಹಾಕಿದರು. ಪ್ರಬಂಧದ ಕಾಗದದ ಮೇಲೆ ಹಾಕಲಿಲ್ಲ. ಕೆಳಗಿನ ಕೋಣೆಗಿಳಿದು ಪರೀಕ್ಷಕರಿಗೆ ಪತ್ರ ತೋರಿಸಿದಾಗ ಆತ ಎರಡೆರಡು ಸಲ ಓದಿ, ಸೀನಿ, “ಅಲ್ರೀ, ಹದಿನೈದು ವರ್ಷ ಪಾಠ ಮಾಡಿದ್ದೀನಲ್ರೀ ನಾನು” ಎಂದು ಮೇಷ್ಟ್ರೇ ತನ್ನ ಜೇಬಿಗೆ ಕೈಹಾಕಿದರೇನೋ ಎಂಬಂತೆ ನೋಡಿದರು. ಈ ಸಲ ಕೈ ಕುಲುಕಲಿಲ್ಲ.

ಹೊರಡುವಾಗ ತೋಟದವನನ್ನು ಕೇಳಿ ಒಂದು ಕುಂಡ ತೆಗೆದುಕೊಂಡರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಮೈ ಹಗುರವಾಗಿತ್ತು, ತಾನು ಬಹಳ ಒಳ್ಳೆಯವನೆಂದೂ ಸ್ವಲ್ಪ ಅನಿಸತೊಡಗಿತ್ತು. ಸತ್ಯದ ರುಚಿ ಹತ್ತಿತ್ತು. ಇನ್ನು ಮನೆಯಲ್ಲೂ ಇದನ್ನೇ ಮಾಡಬೇಕು, ಉಳಿದದ್ದು ಒಂದೇ ಎಂದುಕೊಂಡರು. ಹೆಂಡತಿ ಅಂಗಡಿಯಿಂದ ಬಂದು, ಚಪ್ಪಲಿ ಬಿಟ್ಟು, ಕಾಲು ಚಾಚಿ ಕೂತಿದ್ದಳು. ಮೇಷ್ಟ್ರು ನಿಂತೇ ಎಲ್ಲ ಹೇಳಿದರು: ಬೆರಳು, ದುಂಬಿ, ಕೊಡವಿದ್ದು, ಸೊನ್ನೆ, ಪತ್ರ. ಅವಳು ಕೇಳಿ, “ಅದಕ್ಕೇನಾ ಈ ಪಾಟಿ ಸೋಪು ಖರ್ಚಾಗ್ತಿದ್ದಿದ್ದು” ಎಂದಳು. ಆಮೇಲೆ, “ಒಳ್ಳೇದು ಮಾಡಿದ್ರಿ. ಆ ಹುಡುಗೀನ ಒಂದಿನ ಊಟಕ್ಕೆ ಕರೀರಿ” ಎಂದಳು.

ಮೇಷ್ಟ್ರು ಕುಂಡವನ್ನು ಅವಳ ಮುಂದಿಟ್ಟರು. ಅವಳು ಅಭ್ಯಾಸದಂತೆ ಬಗ್ಗಿದಳು, ಅಭ್ಯಾಸದಂತೆ ಮೊದಲು ತಲೆಯೆತ್ತಿ ಅವರ ಮುಖ ನೋಡಿದಳು.

“ನನ್ನ ಮುಖ ನೋಡ್ಬೇಡ” ಎಂದರು. “ಹೂ ನೋಡು. ಈ ಸಲ ನಿಜ ಹೇಳು.”

“ಏನು ನಿಜ?”

“ವಾಸನೆ ಬರತ್ತಾ?”

ಅವಳು ಅವರನ್ನು ಬಿಟ್ಟು ಹೂವನ್ನು ನೋಡಿದಳು. ಕತ್ತಲೆ ಕೋಣೆಯಲ್ಲಿ ತನ್ನ ಮುಂದೆ ಕೂತವರಿಂದ ಬಯಸುವ ಪ್ರಾಮಾಣಿಕತೆಯಿಂದ, ಕಣ್ಣು ಮುಚ್ಚಿ, ಒಮ್ಮೆ ದೀರ್ಘವಾಗಿ ಮೂಸಿದಳು. ಮೇಷ್ಟ್ರು ಅವಳ ಬೈತಲೆಯ ಹತ್ತಿರ ಬೆಳ್ಳಗಾದ ಕೂದಲನ್ನು ನೋಡುತ್ತ ನಿಂತಿದ್ದರು.

“ಇಲ್ಲ ಕಣ್ರೀ” ಎಂದಳು. “ಏನೂ ಬರಲ್ಲ. ಯಾವತ್ತೂ ಬಂದಿರಲಿಲ್ಲ.”

ಕೇಳಿದ್ದು ಸಿಕ್ಕಿತ್ತು. ಸಮಾಧಾನವಾಗಬೇಕಿತ್ತು. ಕೌಂಟರಿನ ಹಿಂದೆ ಕಣ್ಣು ಮುಚ್ಚಿ ನಿಂತ ಹುಡುಗಿ ಥಟ್ಟನೆ ಎಲ್ಲೂ ಇಲ್ಲದಂತಾಗಿ, ಮೇಷ್ಟ್ರು ಬಾಗಿ ಕುಂಡವನ್ನು ಹೆಂಡತಿಯ ಮೂಗಿನ ಹತ್ತಿರಕ್ಕೆ ಇನ್ನೂ ಸ್ವಲ್ಪ ಸರಿಸಿದರು.

“ಇನ್ನೊಂದ್ಸಲ ನೋಡು” ಎಂದರು.